ನಡುಕಕ್ಕೆ ಯಾವ ಸ್ಕ್ಯಾನ್? ಕಾಸರಗೋಡಿನವರು ಗಡಿ ದಾಟಿ ಮಾಡಿಸುವ ಮಿದುಳಿನ ಚಿತ್ರಗಳ ವಿಮರ್ಶೆ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ತಲಪಾಡಿ ದಾಟಿ ಮಂಗಳೂರಿಗೆ ಸ್ಕ್ಯಾನಿಗೆಂದು ಹೋಗುವ ಹಿರಿಯರ ಕೈಯಲ್ಲಿ ಬಹಳಷ್ಟು ಸಲ ಇರುವುದು ಒಂದು ಸಣ್ಣ ಚೀಟಿ. ಅದರಲ್ಲಿ ‘ಎಂಆರ್‌ಐ ಬ್ರೈನ್’ ಎಂದಷ್ಟೇ ಇರುತ್ತದೆ. ಕೈ ನಡುಗುತ್ತಿದೆಯೋ, ನಡಿಗೆ ಕಟ್ಟಿದೆಯೋ, ಪದೇ ಪದೇ ಬೀಳುತ್ತಿದ್ದಾರೋ, ಪಾರ್ಕಿನ್ಸನ್ ಮದ್ದು ಕೊಟ್ಟು ನೋಡಿದ್ದರೆ ಗುಣ ಕಂಡಿತೋ, ಒಂದೂ ಬರೆದಿರುವುದಿಲ್ಲ. ಸಂಜೆ ಸಿಗುವ ವರದಿಯಲ್ಲಿ ‘ವಯಸ್ಸಿಗೆ ತಕ್ಕ ಮಿದುಳಿನ ಸವೆತ, ಬೇರೆ ದೋಷವಿಲ್ಲ’ ಎಂಬ ಸಾಲು. ಅದನ್ನು ಓದಿ ಕೆಲವರು ಕಾಯಿಲೆಯೇ ಇಲ್ಲವೆಂದು ಮದ್ದು ನಿಲ್ಲಿಸುತ್ತಾರೆ, ಕೆಲವರು ಹಣ ದಂಡವಾಯಿತೆಂದು ಕೊರಗುತ್ತಾರೆ. ಎರಡೂ ತಪ್ಪು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಮಾನ್ಯ ಎಂಆರ್‌ಐ ಸರಿಯಾಗಿಯೇ ಕಾಣುತ್ತದೆ. ಅದನ್ನು ಮಾಡಿಸುವುದು ಪಾರ್ಕಿನ್ಸನ್ನನ್ನು ಹಿಡಿಯಲಿಕ್ಕಲ್ಲ, ಅದರ ಹಾಗೆ ತೋರುವ ಬೇರೆ ಕಾಯಿಲೆಗಳನ್ನು ಹಿಡಿಯಲಿಕ್ಕೆ.

ಇಲ್ಲಿ ಯಾವುದೋ ಒಂದು ಆಸ್ಪತ್ರೆಯನ್ನು ತೂಗುತ್ತಿಲ್ಲ. ಮೂರು ಬಗೆಯ ಸ್ಕ್ಯಾನ್ ಸೇವೆಗಳಲ್ಲಿ ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ವಿಷಯ. ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಚೆನ್ನಾಗಿ ತೆಗೆದು ಚೆನ್ನಾಗಿ ಓದಿದ 3 ಟೆಸ್ಲಾ (ಟೆಸ್ಲಾ ಎಂದರೆ ಯಂತ್ರದ ಆಯಸ್ಕಾಂತದ ಬಲದ ಅಳತೆ) ಎಂಆರ್‌ಐ ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆ ತರುತ್ತದೆ. ಚಲನೆಗೆ ಬೇಕಾದ ಡೋಪಮಿನ್ ರಾಸಾಯನಿಕದ ನರತುದಿಗಳನ್ನು ತೋರಿಸುವ ಡೋಪಮಿನ್ ಸ್ಕ್ಯಾನ್ ಒಂದೇ ಒಂದು ಪ್ರಶ್ನೆಗೆ ಬಹಳ ಒಳ್ಳೆಯದು, ಆದರೆ ಬಹುತೇಕ ಮನೆಯವರು ಅದರಿಂದ ಬಯಸುವುದು ಬೇರೆ ಪ್ರಶ್ನೆಯ ಉತ್ತರ. ಮಿದುಳಿನ ಸಕ್ಕರೆ ಬಳಕೆಯನ್ನು ತೋರಿಸುವ ಎಫ್‌ಡಿಜಿ ಪೆಟ್, ಮೊದಲಿನ ಎರಡರಿಂದಲೂ ಗಂಟು ಬಿಚ್ಚದಾಗ ಮಾತ್ರ.

ಗೊಂದಲ ಹುಟ್ಟುವುದು ಈ ಕಾಯಿಲೆಗಳ ಹೋಲಿಕೆಯಿಂದ. ಪಾರ್ಕಿನ್ಸನ್, ಎಂಎಸ್‌ಎ (ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ), ಪಿಎಸ್‌ಪಿ (ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ) ಮೂರೂ ಮಿದುಳು ಸವೆಯುವ ಕಾಯಿಲೆಗಳು, ಮೂರರಲ್ಲೂ ಮೈ ಬಿಗಿಯುತ್ತದೆ, ಚಲನೆ ನಿಧಾನವಾಗುತ್ತದೆ. ಪಿಎಸ್‌ಪಿಯನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದ್ದೇ 1964ರಲ್ಲಿ, ಎಂಎಸ್‌ಎ ಎಂಬ ಹೆಸರು ಬಂದದ್ದು 1969ರಲ್ಲಿ. ಪಾರ್ಕಿನ್ಸನ್‌ಗೆ ಲೆವೊಡೋಪಾ ಮಾತ್ರೆ ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಪಿಎಸ್‌ಪಿಗೆ ಅಷ್ಟಾಗಿ ತಾಗುವುದಿಲ್ಲ. ಎಂಎಸ್‌ಎಯಲ್ಲಿ ಸ್ವಲ್ಪ ದಿನ ತಾಗಿದ ಹಾಗೆ ತೋರಿ ಬಿಟ್ಟುಹೋಗುವುದುಂಟು, ಜತೆಗೆ ಎದ್ದು ನಿಂತಾಗ ಬಿಪಿ ಕುಸಿಯುತ್ತದೆ. ಇವುಗಳ ಜತೆ ಕೇವಲ ಕೈನಡುಕದ ಎಸೆನ್ಶಿಯಲ್ ಟ್ರೆಮರ್, ಮಾತ್ರೆಯಿಂದ ಬಂದ ನಡುಕ, ಮಿದುಳಿನಲ್ಲಿ ನೀರು ತುಂಬಿದ್ದರಿಂದ ಕೆಟ್ಟ ನಡಿಗೆ ಎಲ್ಲವೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಕೊನೆಯ ಎರಡು ಸರಿಪಡಿಸಬಹುದಾದವು. ಅವನ್ನು ಕೈಬಿಟ್ಟರೆ ಆಗುವ ನಷ್ಟ ದೊಡ್ಡದು.

ಎಂಆರ್‌ಐಯಿಂದಲೇ ಆರಂಭಿಸೋಣ. ಬುಕ್ ಮಾಡುವಾಗ ಕೇಳಬೇಕಾದದ್ದು ಯಂತ್ರ 1.5 ಟೆಸ್ಲಾದ್ದೋ 3 ಟೆಸ್ಲಾದ್ದೋ ಎಂಬುದು. ಅದಕ್ಕಿಂತ ಮುಖ್ಯವಾದದ್ದು ಚಿತ್ರ ತೆಗೆಯುವ ಕ್ರಮ. ಮಾಮೂಲಿ ಮಿದುಳಿನ ಸ್ಕ್ಯಾನಿನಲ್ಲಿ 5 ಮಿಲಿಮೀಟರ್ ದಪ್ಪದ ಹೋಳುಗಳನ್ನು ತೆಗೆಯುತ್ತಾರೆ, ನಡುವೆ ಚೂರು ಜಾಗ ಬಿಡುತ್ತಾರೆ. ಪಾರ್ಶ್ವವಾಯು, ಗಡ್ಡೆ ಹುಡುಕಲು ಇಷ್ಟು ಸಾಕು. ಆದರೆ ಇಲ್ಲಿ ಅಳೆಯಬೇಕಾದ, ಮಿದುಳುಕಾಂಡದ ಮೇಲ್ತುದಿಯಲ್ಲಿರುವ ನಡುಮಿದುಳು ಹೆಬ್ಬೆರಳ ತುದಿಯಷ್ಟು ದೊಡ್ಡದು. ಹೋಳು ನಟ್ಟನಡುವಿನ ಗೆರೆಯಲ್ಲಿ ಹಾಯದೆ 3 ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಅಳತೆ ಕೆಡುತ್ತದೆ. ಹಾಗಾಗಿ ಚೀಟಿಯಲ್ಲಿ ಇಷ್ಟು ಬರೆಸಿಕೊಳ್ಳಬೇಕು: 1 ಮಿಲಿಮೀಟರ್ ದಪ್ಪದ ತ್ರೀಡಿ ಟಿ1, ಟಿ2 ಅಡ್ಡಹೋಳು, ಫ್ಲೇರ್, ಎಸ್‌ಡಬ್ಲ್ಯುಐ, ಡಿಫ್ಯೂಷನ್ (ಇವೆಲ್ಲ ಎಂಆರ್‌ಐ ಚಿತ್ರ ತೆಗೆಯುವ ಬೇರೆ ಬೇರೆ ಬಗೆಗಳು). ‘ಪಾರ್ಕಿನ್ಸನ್ ತರಹದ ಲಕ್ಷಣ, ಪಿಎಸ್‌ಪಿ ಅಥವಾ ಎಂಎಸ್‌ಎ ಸಂಶಯ, ನಡುಮಿದುಳು ಮತ್ತು ಪಾನ್ಸ್ ಅಳತೆ ಬೇಕು’ ಎಂಬ ಒಂದು ಸಾಲೂ ಇರಬೇಕು. ಆ ಸಾಲಿದ್ದರೆ ಚಿತ್ರ ಓದುವವರ ಕಣ್ಣು ಸರಿಯಾದ ಜಾಗಕ್ಕೆ ಹೋಗುತ್ತದೆ. ಇಂಥ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಾಗುವುದಿಲ್ಲ. ಯಾರಾದರೂ ಬೇಕೆಂದರೆ ಯಾಕೆಂದು ಕೇಳಬಹುದು.

ಈಗ ಆ ನಡುವಿನ ಹೋಳನ್ನೇ ಹತ್ತಿರದಿಂದ ನೋಡೋಣ. ತಲೆಯನ್ನು ಮೂಗಿನ ನೇರಕ್ಕೆ ಎರಡಾಗಿ ಸೀಳಿ ಪಕ್ಕದಿಂದ ನೋಡಿದ ಹಾಗೆ ಈ ಚಿತ್ರ. ಕೆಳಗೆ ಉಬ್ಬಿಕೊಂಡಿರುವುದು ಪಾನ್ಸ್, ಅದರ ಮೇಲೆ ಕೂತಿರುವುದು ನಡುಮಿದುಳು. ಆರೋಗ್ಯವಂತರಲ್ಲಿ ನಡುಮಿದುಳಿನ ನೆತ್ತಿ ಮೇಲಕ್ಕೆ ದುಂಡಗೆ ಉಬ್ಬಿರುತ್ತದೆ. ಪಿಎಸ್‌ಪಿಯಲ್ಲಿ ಆ ಉಬ್ಬು ಇಳಿದು ಚಪ್ಪಟೆಯಾಗುತ್ತದೆ, ಮುಂದೆ ಹೋದಂತೆ ಒಳಕ್ಕೆ ತಗ್ಗುತ್ತದೆ. ಆಗ ಪಾನ್ಸ್ ಹಕ್ಕಿಯ ಹೊಟ್ಟೆಯ ಹಾಗೆ, ಸೊರಗಿದ ನಡುಮಿದುಳು ತಲೆ ಮತ್ತು ಚೂಪು ಕೊಕ್ಕಿನ ಹಾಗೆ ಕಾಣುತ್ತದೆ. ಇದಕ್ಕೆ ಹಮ್ಮಿಂಗ್‌ಬರ್ಡ್ ಚಿಹ್ನೆ ಎಂದು ಹೆಸರು. ಆ ಹಕ್ಕಿ ನಮ್ಮಲ್ಲಿಲ್ಲ, ತೋಟದ ಬಾಳೆಹೂವಿಗೆ ಬರುವ ಸೂರಕ್ಕಿಯನ್ನು ನೆನಪಿಸಿಕೊಂಡರೆ ಸಾಕು.

ಕಣ್ಣಂದಾಜು ಸಾಲದು, ಅಳೆಯಬೇಕು. ಮುಂದಿನಿಂದ ಹಿಂದಕ್ಕೆ ನಡುಮಿದುಳು 9.35 ಮಿಲಿಮೀಟರಿಗಿಂತ ಕಡಿಮೆ ಇದ್ದು, ಪಾನ್ಸ್‌ನ ಅಗಲಕ್ಕೆ ಅದರ ಅನುಪಾತ 0.52ಕ್ಕಿಂತ ಕೆಳಗಿದ್ದರೆ ಪಿಎಸ್‌ಪಿಯ ಕಡೆಗೆ ಗಟ್ಟಿಯಾಗಿ ವಾಲಬಹುದು. ಇನ್ನೂ ನಿಖರವಾದದ್ದು ಎಂಆರ್‌ಪಿಐ (ಎಂಆರ್ ಪಾರ್ಕಿನ್ಸೊನಿಸಂ ಇಂಡೆಕ್ಸ್) ಎಂಬ ಲೆಕ್ಕ. ಪಾನ್ಸ್‌ನ ವಿಸ್ತೀರ್ಣವನ್ನು ನಡುಮಿದುಳಿನ ವಿಸ್ತೀರ್ಣದಿಂದ ಭಾಗಿಸಿ, ಬಂದದ್ದನ್ನು ಕಿರುಮಿದುಳಿನ ನಡುಕಾಂಡದ ಅಗಲ ಭಾಗಿಸು ಮೇಲುಕಾಂಡದ ಅಗಲ ಎಂಬ ಸಂಖ್ಯೆಯಿಂದ ಗುಣಿಸುವುದು (ಈ ಕಾಂಡಗಳು ಕಿರುಮಿದುಳನ್ನು ಮಿದುಳುಕಾಂಡಕ್ಕೆ ಜೋಡಿಸುವ ನರದ ಕಟ್ಟುಗಳು). ಉದಾಹರಣೆಗೆ ಪಾನ್ಸ್ 530 ಚದರ ಮಿಲಿಮೀಟರ್, ನಡುಮಿದುಳು 120, ಕಾಂಡಗಳು 9.5 ಮತ್ತು 4 ಮಿಲಿಮೀಟರ್ ಇದ್ದರೆ ಉತ್ತರ ಸುಮಾರು 10.5. ಇದು ಸಹಜ ಮಟ್ಟ. ಪಾನ್ಸ್ 520, ನಡುಮಿದುಳು 70, ಕಾಂಡಗಳು 9 ಮತ್ತು 3 ಇದ್ದರೆ ಉತ್ತರ 22 ದಾಟುತ್ತದೆ. ಈ ಲೆಕ್ಕವನ್ನು ಮೊದಲು ಮುಂದಿಟ್ಟ 2008ರ ಅಧ್ಯಯನದಲ್ಲಿ ಗಡಿರೇಖೆ 13.55 ಆಗಿತ್ತು, ಅದಕ್ಕಿಂತ ಮೇಲಿದ್ದರೆ ಪಿಎಸ್‌ಪಿಯ ಕಡೆಗೆ. ಹತ್ತು ನಿಮಿಷದ ಕೆಲಸ, ಯಾವ ಹೆಚ್ಚುವರಿ ಯಂತ್ರವೂ ಬೇಡ. ಆದರೂ ಬಹಳಷ್ಟು ವರದಿಗಳಲ್ಲಿ ಈ ಅಂಕಿ ಇರುವುದಿಲ್ಲ. ನಮ್ಮ ಕಡೆಯ ಸ್ಕ್ಯಾನ್ ಸೇವೆಯ ದೊಡ್ಡ ಕೊರತೆ ಇದೇ. ಯಂತ್ರ ಒಳ್ಳೆಯದಿದೆ, ತೆಗೆಯುವವರೂ ಬಲ್ಲವರು, ಕೇಳದ ಕಾರಣಕ್ಕೆ ಅಳತೆ ಬೀಳುವುದಿಲ್ಲ. ಒಂದು ಎಚ್ಚರವೂ ಬೇಕು: ಕಾಯಿಲೆ ಆರಂಭವಾದ ಮೊದಲ ಒಂದೆರಡು ವರ್ಷ ಪಿಎಸ್‌ಪಿಯಲ್ಲೂ ನಡುಮಿದುಳು ಸರಿಯಾಗಿಯೇ ಕಾಣಬಹುದು. ಕೊಕ್ಕು ಕಂಡರೆ ಅದು ಬಲವಾದ ಸಾಕ್ಷಿ. ಕಾಣದಿದ್ದರೆ ಪಿಎಸ್‌ಪಿ ಇಲ್ಲವೆಂದು ಅರ್ಥವಲ್ಲ.

ಎಂಎಸ್‌ಎಗೆ ನೋಡಬೇಕಾದದ್ದು ಟಿ2 ಅಡ್ಡಹೋಳು. ಪಾನ್ಸ್‌ನ ನಡುವೆ ಬಿಳಿ ಗೆರೆಗಳು ಅಧಿಕ ಚಿಹ್ನೆಯ ಹಾಗೆ ಅಡ್ಡಡ್ಡ ಕೂಡಿರುತ್ತವೆ. ಶಿಲುಬೆಯ ಗುರುತು ಹಾಕಿದ ಬನ್ನಿಗೆ ಹೋಲಿಸಿ ಇದನ್ನು ಹಾಟ್ ಕ್ರಾಸ್ ಬನ್ ಎನ್ನುತ್ತಾರೆ. ಇದು ಎಂಎಸ್‌ಎಗೆ ಮಾತ್ರ ಮೀಸಲಲ್ಲ. ಕುಟುಂಬದಲ್ಲಿ ಹರಿದು ಬರುವ ಕೆಲವು ಅಟಾಕ್ಸಿಯಾಗಳಲ್ಲೂ (ಸಮತೋಲನ ತಪ್ಪುವ ಕಾಯಿಲೆಗಳಲ್ಲೂ) ಕಾಣುತ್ತದೆ, ಆದ್ದರಿಂದ ಅಜ್ಜ, ಸೋದರಮಾವ, ಚಿಕ್ಕಪ್ಪಂದಿರಲ್ಲಿ ಯಾರಿಗಾದರೂ ತೂರಾಡುವ ನಡಿಗೆ ಇತ್ತೇ ಎಂದು ಕೇಳಬೇಕು. ಇನ್ನೊಂದು ಗುರುತು, ಮಿದುಳಿನ ಆಳದಲ್ಲಿದ್ದು ಚಲನೆಗೆ ನೆರವಾಗುವ ಪುಟಾಮೆನ್ ಎಂಬ ಭಾಗದ ಹೊರ ಅಂಚಿನಲ್ಲಿ ಕಾಣುವ ತೆಳು ಬಿಳಿ ಗೆರೆ. ಇಲ್ಲಿ ಒಂದು ಬಲೆ ಇದೆ. 1.5 ಟೆಸ್ಲಾ ಯಂತ್ರದಲ್ಲಿ ಆ ಗೆರೆಗೆ ಬೆಲೆ ಇದೆ, 3 ಟೆಸ್ಲಾದಲ್ಲಿ ಆರೋಗ್ಯವಂತರಲ್ಲೂ ಅದು ಕಾಣಬಹುದು. ಹೊಸ ಯಂತ್ರದ ಚಿತ್ರವನ್ನು ಹಳೆಯ ಕಣ್ಣಿನಿಂದ ಓದಿ ಇಲ್ಲದ ಎಂಎಸ್‌ಎಯನ್ನು ಕಂಡುಹಿಡಿಯುವ ಅಪಾಯ ಇಲ್ಲಿಯೇ. ಪುಟಾಮೆನ್ ಸವೆದಿದೆಯೇ, ಕಿರುಮಿದುಳಿನ ನಡುಕಾಂಡ ತೆಳುವಾಗಿದೆಯೇ ಎಂಬುದನ್ನು ಸೇರಿಸಿ ನೋಡಿದಾಗ ಮಾತ್ರ ಆ ಗೆರೆಗೆ ಅರ್ಥ.

ಎಸ್‌ಡಬ್ಲ್ಯುಐ ಚಿತ್ರದಲ್ಲಿ, ನಡುಮಿದುಳಿನಲ್ಲಿ ಡೋಪಮಿನ್ ತಯಾರಾಗುವ ಕಪ್ಪು ದ್ರವ್ಯದ (ಸಬ್‌ಸ್ಟಾನ್ಷಿಯಾ ನೈಗ್ರಾ) ಹಿಂಭಾಗ ಆರೋಗ್ಯವಂತರಲ್ಲಿ ಕಾಜಾಣದ ಬಾಲದ ಹಾಗೆ ಕವಲೊಡೆದಿರುತ್ತದೆ, ಎರಡು ಕಪ್ಪು ಗೆರೆಗಳ ನಡುವೆ ಒಂದು ಬೆಳ್ಳನೆಯ ಚುಕ್ಕಿ. ಪಾರ್ಕಿನ್ಸನ್‌ನಲ್ಲಿ ಆ ಬಿಳುಪು ಮಾಯವಾಗುತ್ತದೆ. ಪಿಎಸ್‌ಪಿ, ಎಂಎಸ್‌ಎಗಳಲ್ಲೂ ಮಾಯವಾಗುತ್ತದೆ. ಎಸೆನ್ಶಿಯಲ್ ಟ್ರೆಮರ್‌ನಿಂದ ಬೇರ್ಪಡಿಸಲು ಇದು ಸಹಾಯಕ, ಆ ಮೂರನ್ನು ಒಂದರಿಂದೊಂದು ಬೇರ್ಪಡಿಸಲು ಅಲ್ಲ. ತಲೆ ಸ್ವಲ್ಪ ಅಲುಗಿದರೂ ಇದು ಅಳಿಸಿಹೋಗುತ್ತದೆ.

ಎಂಆರ್‌ಐಯ ಋಣ ನಿಜವಾಗಿ ತೀರುವುದು ಗುಣಪಡಿಸಬಹುದಾದವು ಸಿಕ್ಕಿದಾಗ. ನೆಲಕ್ಕೆ ಅಂಟಿದ ಹಾಗೆ ಕಾಲೆಳೆಯುವ ನಡಿಗೆ, ಮೂತ್ರ ತಡೆಯಲಾಗದಿರುವುದು, ಮರೆವು ಇದ್ದರೆ ಮಿದುಳಿನ ಕುಹರಗಳ (ಒಳಗೆ ನೀರಿರುವ ಕೋಣೆಗಳ) ಅಗಲವನ್ನು ಅಳೆಸಬೇಕು. ಕುಹರಗಳ ಮುಂದಿನ ಕೊಂಬುಗಳ ಅಗಲ 48 ಮಿಲಿಮೀಟರ್, ತಲೆಬುರುಡೆಯ ಒಳ ಅಗಲ 135 ಇದ್ದರೆ ಅನುಪಾತ ಸುಮಾರು 0.36. 0.3 ದಾಟಿದರೆ ಕುಹರ ಹಿಗ್ಗಿದೆ ಎಂದು ಲೆಕ್ಕ. ನೆತ್ತಿಯ ಕಡೆ ಮಿದುಳಿನ ಮಡಿಕೆಗಳು ಒತ್ತೊತ್ತಾಗಿದ್ದರೆ ನೀರು ತುಂಬಿರುವ ಸಾಧ್ಯತೆ ಹೆಚ್ಚು. ಬೆನ್ನಿನಿಂದ 30ರಿಂದ 50 ಮಿಲಿಲೀಟರ್ ನೀರು ತೆಗೆದು ಮುನ್ನ ಮತ್ತು ನಂತರ ನಡಿಗೆಯನ್ನು ವಿಡಿಯೋ ಮಾಡಿ ಹೋಲಿಸುತ್ತಾರೆ, ಗುಣ ಕಂಡರೆ ಶಂಟ್ (ಹೆಚ್ಚಿನ ನೀರನ್ನು ಹರಿಸುವ ಕೊಳವೆ) ಹಾಕುತ್ತಾರೆ. ಬಿದ್ದ ಮೇಲೆ ಮಿದುಳಿನ ಪೊರೆಯಡಿ ನಿಧಾನವಾಗಿ ರಕ್ತ ಕಟ್ಟಿದ್ದೂ ಇದೇ ಚಿತ್ರದಲ್ಲಿ ಸಿಗುತ್ತದೆ. ವಯಸ್ಸು ನಲವತ್ತರ ಒಳಗಿದ್ದರೆ ತಾಮ್ರ ಕಟ್ಟುವ ವಿಲ್ಸನ್ ಕಾಯಿಲೆಯನ್ನು ಮರೆಯಲೇಬಾರದು, ಅದಕ್ಕೆ ಮದ್ದಿದೆ. ಸುಣ್ಣ ಕಟ್ಟಿದ್ದನ್ನು ಮಾತ್ರ ಎಂಆರ್‌ಐಗಿಂತ ಸಾದಾ ಸಿಟಿ ಸ್ಕ್ಯಾನ್ ಚೆನ್ನಾಗಿ ತೋರಿಸುತ್ತದೆ.

ಎಂಆರ್‌ಐ ಕೆಡುವುದು ಹೆಚ್ಚಾಗಿ ನಡುಕದಿಂದಲೇ. ಯಂತ್ರದೊಳಗೆ 30ರಿಂದ 40 ನಿಮಿಷ ಮಲಗಬೇಕು. ಪಾರ್ಕಿನ್ಸನ್ ಮದ್ದು ನಡೆಯುತ್ತಿದ್ದರೆ ಎಂಆರ್‌ಐ ದಿನ ಅದನ್ನು ತಪ್ಪಿಸಬಾರದು, ಮಾತ್ರೆಯ ಪ್ರಭಾವ ಚೆನ್ನಾಗಿರುವ ಹೊತ್ತಿಗೇ ಸರದಿ ಕೇಳಿಕೊಳ್ಳಬೇಕು. ಗದ್ದ ನಡುಗುವವರಿಗೆ ಕೆನ್ನೆಯ ಎರಡೂ ಬದಿ ಮೆತ್ತೆ ಸಿಕ್ಕಿಸಿ, ಕೈಗಳನ್ನು ಹೊಟ್ಟೆಯ ಮೇಲೆ ಬಟ್ಟೆಯಿಂದ ಹಗುರವಾಗಿ ಕಟ್ಟಿದರೆ ಅರ್ಧ ಸಮಸ್ಯೆ ಕಡಿಮೆ. ನಿದ್ದೆಯಲ್ಲಿ ನಡುಕ ನಿಲ್ಲುವುದರಿಂದ ಕೆಲವರಿಗೆ ಮತ್ತಿನ ಮದ್ದು ಕೊಡಬೇಕಾಗುತ್ತದೆ, ಅದಕ್ಕೆ ಹೊಟ್ಟೆ ಖಾಲಿ ಇರಬೇಕು, ಜತೆಗೆ ಒಬ್ಬರಿರಬೇಕು. ಮೊದಲು ತ್ರೀಡಿ ಟಿ1 ಮುಗಿಸಿಬಿಡಿ ಎಂದು ತಂತ್ರಜ್ಞರಿಗೆ ಹೇಳಿ. ಅಜ್ಜನಿಗೆ ತಾಳ್ಮೆ ಇರುವುದು ಮೊದಲ ಹತ್ತು ನಿಮಿಷ, ಅಳತೆಗೆ ಬೇಕಾದ ಚಿತ್ರ ಅಷ್ಟರೊಳಗೆ ಬರಲಿ. ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಹಳೆಯ ಕ್ಲಿಪ್ ಇದ್ದರೆ ಬುಕ್ ಮಾಡುವಾಗಲೇ ಹೇಳಬೇಕು, ಕಾರ್ಡು ಇದ್ದರೆ ಕೊಂಡೊಯ್ಯಬೇಕು.

ಇನ್ನು ಡೋಪಮಿನ್ ಸ್ಕ್ಯಾನ್. ಯುರೋಪಿನಲ್ಲಿ 2000ದಲ್ಲಿ, ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಪಡೆದ ಡ್ಯಾಟ್‌ಸ್ಕ್ಯಾನ್ ಅಯೊಡಿನ್-123 ಬಳಸುತ್ತದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಟೆಕ್ನೀಶಿಯಂ ಬಳಸುವ ಟ್ರೊಡ್ಯಾಟ್. ಇಂಜೆಕ್ಷನ್ ಕೊಟ್ಟ ಮೇಲೆ ಮೂರು ನಾಲ್ಕು ಗಂಟೆ ಕಾಯಬೇಕು, ಆಮೇಲೆ ಕ್ಯಾಮೆರಾದಡಿ ಅರ್ಧ ಮುಕ್ಕಾಲು ಗಂಟೆ. ಬೆಳಗ್ಗಿನ ರೈಲಿಗೆ ಹೋದರೆ ಸಂಜೆ ವಾಪಸ್ ಬರಬಹುದು. ಅಯೊಡಿನ್ ಬಗೆಗೆ ಥೈರಾಯ್ಡ್ ಕಾಪಾಡಲು ಮುಂಚೆ ಮದ್ದು ಕೊಡುತ್ತಾರೆ, ಟ್ರೊಡ್ಯಾಟ್‌ಗೆ ಅದು ಬೇಡ. ಲೆವೊಡೋಪಾ ನಿಲ್ಲಿಸಬೇಕಿಲ್ಲ. ಬುಪ್ರೊಪಿಯಾನ್, ಮೀಥೈಲ್‌ಫೆನಿಡೇಟ್, ಮೊಡಾಫಿನಿಲ್ ಚಿತ್ರವನ್ನು ಕೆಡಿಸುತ್ತವೆ, ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಬರೆದುಕೊಟ್ಟ ವೈದ್ಯರೇ ಹೇಳಬೇಕು.

ಸರಿಯಿರುವ ಚಿತ್ರದಲ್ಲಿ ಎರಡು ಅಲ್ಪವಿರಾಮಗಳು ಬೆನ್ನಿಗೆ ಬೆನ್ನು ಕೊಟ್ಟು ಹೊಳೆಯುತ್ತವೆ. ಕಾಯಿಲೆಯಿದ್ದರೆ ಬಾಲ, ಅಂದರೆ ಪುಟಾಮೆನ್‌ನ ಹಿಂಭಾಗ, ಮೊದಲು ಅಳಿಸಿ ಬರೇ ಚುಕ್ಕೆ ಉಳಿಯುತ್ತದೆ. ಬಲಗೈ ಹೆಚ್ಚು ನಡುಗುವವರಲ್ಲಿ ಎಡಬದಿ ಮೊದಲು ಸೋಲುತ್ತದೆ. ಇಲ್ಲಿಗೆ ಅದರ ಶಕ್ತಿ ಮುಗಿಯಿತು. ಪಾರ್ಕಿನ್ಸನ್, ಎಂಎಸ್‌ಎ, ಪಿಎಸ್‌ಪಿ ಮೂರರಲ್ಲೂ ಇದೇ ನರತುದಿಗಳು ನಶಿಸುವುದರಿಂದ ಮೂರರ ಚಿತ್ರವೂ ಕೆಟ್ಟೇ ಬರುತ್ತದೆ. ಇವುಗಳನ್ನು ಬೇರ್ಪಡಿಸಲಾಗದು ಎಂದು ಡ್ಯಾಟ್‌ಸ್ಕ್ಯಾನ್ ಮದ್ದಿನ ಅಧಿಕೃತ ಮಾಹಿತಿಯಲ್ಲೇ ಬರೆದಿದೆ. ‘ಪಿಎಸ್‌ಪಿಯೋ ಪಾರ್ಕಿನ್ಸನ್ನೋ ತಿಳಿಯಲಿ’ ಎಂದು ಇದಕ್ಕೆ ಹಣ ಹಾಕುವುದು ಬೇಡ. ನಡುಕ ಎಸೆನ್ಶಿಯಲ್ ಟ್ರೆಮರ್‌ನದ್ದೋ ಪಾರ್ಕಿನ್ಸನ್‌ನದ್ದೋ, ಮಾತ್ರೆಯಿಂದ ಬಂದದ್ದೋ ಒಳಗಿನಿಂದಲೇ ಬಂದದ್ದೋ ಎಂಬ ಸಂದೇಹವಿದ್ದರೆ ಇದಕ್ಕಿಂತ ಒಳ್ಳೆಯ ಸ್ಕ್ಯಾನ್ ಇಲ್ಲ. ಆ ಎರಡು ಸಂದರ್ಭಗಳಲ್ಲಿ, ಬರೇ ನಡುಕದಲ್ಲೂ ಮಾತ್ರೆಯ ನಡುಕದಲ್ಲೂ, ಅಲ್ಪವಿರಾಮ ಪೂರ್ತಿಯಾಗಿಯೇ ಇರುತ್ತದೆ. ತಲೆ ಓರೆಯಾಗಿ ಮಲಗಿಸಿದ್ದರೆ ಒಂದು ಬದಿ ಸುಳ್ಳಾಗಿ ಮಂಕಾಗಿ ಕಾಣುತ್ತದೆ, ವರದಿ ಅನುಮಾನ ಹುಟ್ಟಿಸಿದರೆ ಮೊದಲು ಇದನ್ನು ನೋಡಬೇಕು.

ಮಾತ್ರೆಯ ನಡುಕದ ಬಗ್ಗೆ ಇಲ್ಲಿಯೇ ಒಂದು ಮಾತು, ಏಕೆಂದರೆ ಸ್ಕ್ಯಾನಿನ ಹಣ ಉಳಿಯುವುದು ಇಲ್ಲಿ. ಗ್ಯಾಸ್ಟ್ರಿಕ್‌ಗೆಂದು ತಿಂಗಳುಗಟ್ಟಲೆ ನುಂಗುವ ಕೆಲವು ಕ್ಯಾಪ್ಸೂಲುಗಳಲ್ಲಿ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜತೆ ಲೆವೊಸಲ್ಪಿರೈಡ್ ಸೇರಿರುತ್ತದೆ. ತಲೆಸುತ್ತಿಗೆ ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್, ಮೈಗ್ರೇನ್‌ಗೆ ಫ್ಲೂನರಿಜಿನ್, ವಾಂತಿಗೆ ಮೆಟೊಕ್ಲೊಪ್ರಮೈಡ್. ಇವೆಲ್ಲ ಪಾರ್ಕಿನ್ಸನ್ ತರಹದ ಬಿಗಿತ ತರಬಲ್ಲವು. ಬಿಪಿಗೆ ಕೊಡುವ ಸರ್ಪಗಂಧದಲ್ಲಿರುವ ರೆಸರ್ಪಿನ್ ಕೂಡ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಖಾಲಿ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿ ನರರೋಗ ತಜ್ಞರ ಮುಂದೆ ಸುರಿಯಬೇಕು. ನಿಲ್ಲಿಸಿದ ಮೇಲೆ ಸರಿಯಾಗಲು ವಾರಗಳಿಂದ ಹಿಡಿದು ಆರು ತಿಂಗಳವರೆಗೂ ಬೇಕಾಗಬಹುದು. ಮನೋರೋಗದ ಮದ್ದುಗಳನ್ನು ಮಾತ್ರ ಸ್ವಂತ ನಿರ್ಧಾರದಿಂದ ನಿಲ್ಲಿಸಕೂಡದು.

ಎಫ್‌ಡಿಜಿ ಪೆಟ್ ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆ ಬಳಸುತ್ತಿದೆ ಎಂದು ತೋರಿಸುತ್ತದೆ. ಡೋಪಮಿನ್ ಸ್ಕ್ಯಾನಿಗೆ ಆಗದ ಕೆಲಸ ಇದರಿಂದ ಆಗುತ್ತದೆ. ಎಂಎಸ್‌ಎಯಲ್ಲಿ ಪುಟಾಮೆನ್ ಮತ್ತು ಕಿರುಮಿದುಳು ಮಂಕು, ಪಿಎಸ್‌ಪಿಯಲ್ಲಿ ನಡುಮಿದುಳು ಮತ್ತು ಹಣೆಯ ಹಿಂದಿನ ನಡುಭಾಗ ಮಂಕು, ಕಾರ್ಟಿಕೋಬೇಸಲ್ ಎಂಬ, ಪಾರ್ಕಿನ್ಸನ್ ತರಹದ ಇನ್ನೊಂದು ಬಗೆಯಲ್ಲಿ ಒಂದೇ ಪಕ್ಕದ ಹೊರಪದರ ಮಂಕು. ಪಾರ್ಕಿನ್ಸನ್‌ನಲ್ಲಿ ಪುಟಾಮೆನ್ ಚೆನ್ನಾಗಿಯೇ ಹೊಳೆಯುತ್ತದೆ. ಎಂಆರ್‌ಐಯಲ್ಲಿ ಸವೆತ ಕಾಣುವ ಮೊದಲೇ ಈ ವಿನ್ಯಾಸ ಮೂಡಬಹುದು ಎಂಬುದೇ ಇದರ ಬೆಲೆ. ತೊಡಕೆಂದರೆ ಸಮಯ. ಇದಕ್ಕೆ ಚುಚ್ಚುವ ವಿಕಿರಣ ಮದ್ದಿನಲ್ಲಿರುವ ಫ್ಲೋರಿನ್-18ರ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು) 110 ನಿಮಿಷ. ಸೀಸದ ಪೆಟ್ಟಿಗೆಯಲ್ಲಿ ನಿಗದಿತ ಹೊತ್ತಿಗೆ ಬರುವ ಮದ್ದು ಯಾರಿಗೂ ಕಾಯುವುದಿಲ್ಲ. ತೊಕ್ಕೊಟ್ಟಿನ ಬಳಿ ವಾಹನ ಸಿಕ್ಕಿಕೊಂಡು ಎರಡು ಗಂಟೆ ತಡವಾದರೆ ಅರ್ಧಕ್ಕಿಂತ ಹೆಚ್ಚು ಮದ್ದು ಕರಗಿಹೋಗಿರುತ್ತದೆ. ಪೆಟ್ ದಿನ ರೈಲೇ ಮೇಲು, ಆಗುವುದಾದರೆ ಹಿಂದಿನ ರಾತ್ರಿಯೇ ಹೋಗಿ ಉಳಿಯುವುದು. ನಾಲ್ಕರಿಂದ ಆರು ಗಂಟೆ ಉಪವಾಸ, ನೀರು ಮಾತ್ರ. ಸಿಹಿಮೂತ್ರ ಇರುವವರ ರಕ್ತದ ಸಕ್ಕರೆ ಏರಿದ್ದರೆ ಮಿದುಳಿಗೆ ಮದ್ದು ಸರಿಯಾಗಿ ಇಳಿಯುವುದಿಲ್ಲ, ಸ್ಕ್ಯಾನ್ ಮುಂದೂಡುತ್ತಾರೆ. ಇನ್ಸುಲಿನ್ ಹೊತ್ತನ್ನು ಮೊದಲೇ ಕೇಳಿಕೊಳ್ಳಿ. ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಮಬ್ಬು ಬೆಳಕಿನ ಕೋಣೆಯಲ್ಲಿ ಮಾತಿಲ್ಲದೆ, ಫೋನ್ ಇಲ್ಲದೆ ಇರಬೇಕು. ಮಾತಾಡಿದರೆ ಮಾತಿನ ಭಾಗ, ನೋಡಿದರೆ ನೋಟದ ಭಾಗ ಸಕ್ಕರೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಕೂತು ‘ಅಮ್ಮ, ಹೇಗುಂಟು ಈಗ?’ ಎಂದು ಕೇಳುವ ಮಕ್ಕಳು ಆ ಅರ್ಧ ಗಂಟೆ ಹೊರಗಿರಲಿ. ಚಿತ್ರ ಓದುವುದಕ್ಕೂ ಈ ಕಾಯಿಲೆಗಳ ಪರಿಚಯ ಬೇಕು. ಕ್ಯಾನ್ಸರ್ ಪೆಟ್ ಮಾತ್ರ ಓದುವ ಕಡೆ ಮಿದುಳಿನದ್ದನ್ನು ಮಾಡಿಸುವುದರಲ್ಲಿ ಅರ್ಥವಿಲ್ಲ.

ಎಫ್-ಡೋಪಾ ಪೆಟ್ ಸ್ಥೂಲವಾಗಿ ಟ್ರೊಡ್ಯಾಟ್‌ನ ಪ್ರಶ್ನೆಗೇ ಉತ್ತರ ಕೊಡುತ್ತದೆ. ಅದಕ್ಕೆ ಪಾರ್ಕಿನ್ಸನ್ ಮದ್ದನ್ನು 12 ಗಂಟೆ ಮೊದಲು ನಿಲ್ಲಿಸಬೇಕಾಗುತ್ತದೆ. ನಸುಗುನ್ನಿ ಬೀಜದ ಪುಡಿ, ಅಂದರೆ ಕಪಿಕಚ್ಛು, ತೆಗೆದುಕೊಳ್ಳುವವರು ಅದನ್ನೂ ಹೇಳಬೇಕು, ಅದರಲ್ಲಿರುವುದೂ ಲೆವೊಡೋಪಾವೇ.

ಎಂಡೋಸಲ್ಫಾನ್ ಸಿಂಪಡಿಸಿದ ಎಣ್ಮಕಜೆಯಂಥ ಊರುಗಳವರು, ಇದು ಅದರಿಂದಲೇ ಬಂತೇ ಎಂದು ಸ್ಕ್ಯಾನಿನಿಂದ ತಿಳಿಯಬಹುದೇ ಎಂದು ಕೇಳುವುದು ಸಹಜ. ತಿಳಿಯುವುದಿಲ್ಲ. ಈ ಚಿತ್ರಗಳು ಯಾವ ಭಾಗ ಸವೆಯಿತು ಎನ್ನುತ್ತವೆ, ಯಾಕೆ ಸವೆಯಿತು ಎನ್ನುವುದಿಲ್ಲ.

ಗಡಿಯ ತೊಂದರೆಗಳು ಸಣ್ಣವೇ ಆದರೂ ದಿನ ತಿನ್ನುತ್ತವೆ. ಒಳರೋಗಿಯಾಗಿ ಸೇರದೆ ಮಾಡಿಸಿದ ಸ್ಕ್ಯಾನಿಗೆ ಬಹುತೇಕ ವಿಮೆಗಳು ಹಣ ಕೊಡುವುದಿಲ್ಲ, ಕೇರಳದ ಕಾರ್ಡು ಆಚೆ ನಡೆಯುತ್ತದೆಯೇ ಎಂದು ಫೋನಿನಲ್ಲಿ ಮೊದಲೇ ಕೇಳಬೇಕು. ದರ ಕೇಳುವಾಗ ಮತ್ತಿನ ಮದ್ದು ಮತ್ತು ಸಿಡಿಯ ಹಣ ಸೇರಿದೆಯೇ ಎಂದೂ ಕೇಳಿ. ಎರಡನೆಯ ಅಭಿಪ್ರಾಯಕ್ಕೆ ತಿರುವನಂತಪುರದ ಶ್ರೀಚಿತ್ರಾಕ್ಕೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗುವವರಿಗೆ ದೊಡ್ಡ ಫಿಲ್ಮ್ ಹಾಳೆಗಳಿಂದ ಪ್ರಯೋಜನ ಕಡಿಮೆ. ಅದರಲ್ಲಿ ಆರಿಸಿ ಮುದ್ರಿಸಿದ ಹೋಳುಗಳಷ್ಟೇ ಇರುತ್ತವೆ, ಅಳೆಯಬೇಕಾದ ನಡುವಿನ ಹೋಳು ಅದರಲ್ಲಿ ಇಲ್ಲದಿರಬಹುದು. ಡೈಕಾಮ್ ಫೈಲುಗಳಿರುವ (ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳಿರುವ) ಸಿಡಿ ಅಥವಾ ಪೆನ್‌ಡ್ರೈವ್ ಬೇಕೆಂದು ಹೇಳಿ, ಕೌಂಟರ್ ಬಿಡುವ ಮೊದಲು ಅದು ತೆರೆಯುತ್ತದೆಯೇ ನೋಡಿ. ಅಲ್ಲಿಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಕೆಲಸ ಮಾಡಿಡಬಹುದು: ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ 3 ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಬರೆದಿಟ್ಟುಕೊಳ್ಳಿ. ಎಂಎಸ್‌ಎ ಪ್ರಶ್ನೆಗೆ ಆ ಅಂಕಿ ಎಂಆರ್‌ಐ ಚಿತ್ರದಷ್ಟೇ ಮುಖ್ಯ.

ವರ್ಷ ಒಂದೂವರೆ ವರ್ಷದ ಬಳಿಕ ಮತ್ತೆ ಎಂಆರ್‌ಐ ಮಾಡಿಸಬೇಕಾಗಿ ಬಂದರೆ, ಆದಷ್ಟು ಅದೇ ಯಂತ್ರದಲ್ಲಿ, ಅದೇ 1 ಮಿಲಿಮೀಟರ್ ಕ್ರಮದಲ್ಲಿ ಮಾಡಿಸಿ. ಮೊದಲ ಸಿಡಿಯನ್ನು ಜತೆಗೆ ಕೊಟ್ಟು ಎರಡು ನಡುಮಿದುಳುಗಳನ್ನು ಅಕ್ಕಪಕ್ಕ ಇಟ್ಟು ಅಳೆಯಲು ಹೇಳಿ. ಒಂದೇ ಚಿತ್ರದಲ್ಲಿ 95 ಚದರ ಮಿಲಿಮೀಟರ್ ಎಂಬ ಅಂಕಿ ಏನನ್ನೂ ನಿರ್ಧರಿಸುವುದಿಲ್ಲ. 95 ಇದ್ದದ್ದು 80ಕ್ಕೆ ಇಳಿದಿದ್ದರೆ ತಜ್ಞರ ಮುಂದೆ ಬೇರೆಯೇ ಮಾತುಕತೆ ಆರಂಭವಾಗುತ್ತದೆ.